ಊರ ಗೋಡೆ ಮೇಲೆ ಸ್ವಾತಂತ್ರ್ಯದ ಉಬ್ಬುಶಿಲ್ಪ ಮಾಡುವುದು ಹೇಗೆ?

ಮಂಡ್ಯ, ಮದ್ದೂರು ಕಡೆಯಿಂದ ನನಗೆ ಆಗಾಗ ಫೋನ್ ಬರುತ್ತದೆ. "ಸಾರ್, ನಮ್ಮೂರ ಶಾಲೆ ಗೋಡೆಗೆ ಸ್ವಾತಂತ್ರ್ಯ ಹೋರಾಟದ್ದು ಒಂದು ದೊಡ್ಡ ಶಿಲ್ಪ ಮಾಡಿಸಬೇಕು, ಚದರಡಿಗೆ ಎಷ್ಟಾಗುತ್ತೆ?" ಎಲ್ಲರೂ ಮೊದಲು ಕೇಳುವುದು ದುಡ್ಡಿನ ವಿಷಯ. ಊರವರು ಚಂದಾ ಎತ್ತಿ ಮಾಡಿಸುವ ಕೆಲಸ, ಕೇಳಲೇಬೇಕು. ಆದರೆ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ ಬೇರೆ: ಆ ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ?

ಯಾಕೆ ಅಂತ ಹೇಳುತ್ತೇನೆ. ಉಬ್ಬುಶಿಲ್ಪ ಅಂದರೆ ನೆರಳಿನ ಕೆಲಸ. ಪೂರ್ತಿ ವಿಗ್ರಹವನ್ನು ಸುತ್ತಲೂ ನೋಡಬಹುದು, ಚಿತ್ರಕ್ಕೆ ಬಣ್ಣ ಇರುತ್ತದೆ, ಆದರೆ ಗೋಡೆಯಿಂದ ಎರಡು ಇಂಚು ಮುಂದೆ ಬಂದಿರುವ ಮೂಗಿಗೆ ಇವೆರಡೂ ಇಲ್ಲ. ಅದರ ಪಕ್ಕದಲ್ಲಿ ಬೀಳುವ ನೆರಳೇ ಅದಕ್ಕೆ ಆಕಾರ ಕೊಡಬೇಕು. ಬೆಳಕು ನೇರವಾಗಿ ಎದುರಿಂದ ಬಿದ್ದರೆ ಮೂಗು, ತುಟಿ, ಬಾವುಟದ ಮಡಿಕೆ ಎಲ್ಲ ಮಾಯ. ಓರೆಯಾಗಿ ಬಿದ್ದರೆ ಅದೇ ಗೋಡೆ ಎದ್ದು ನಿಲ್ಲುತ್ತದೆ. ನಂಬಿಕೆ ಬರದಿದ್ದರೆ ಸೋಮನಾಥಪುರಕ್ಕೆ ಹೋಗಿ ಬನ್ನಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅದೇ ಆನೆಗಳ ಸಾಲನ್ನು ನೋಡಿ. ಬೇರೆ ಬೇರೆ ಆನೆಗಳೇನೋ ಅನ್ನಿಸುತ್ತದೆ. ಅಷ್ಟು ದೂರ ಆಗದಿದ್ದರೆ ಮಂಡ್ಯದವರಿಗೆ ಬಸರಾಳು ಹತ್ತಿರವೇ ಇದೆ, ಅಲ್ಲಿನ ಮಲ್ಲಿಕಾರ್ಜುನ ದೇವಸ್ಥಾನವೂ ಇದೇ ಪಾಠ ಹೇಳುತ್ತದೆ.

ಈಗ ದಿಕ್ಕಿನ ಲೆಕ್ಕ. ನಮ್ಮ ಮೈಸೂರು, ಮಂಡ್ಯ ಇರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ಅಂದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಜನವರಿ 26ರಂದು ದಿನವಿಡೀ ಒಳ್ಳೆ ಬಿಸಿಲು, ಆಗಸ್ಟ್ 15ರಂದು ನೇರ ಬಿಸಿಲೇ ಇಲ್ಲ. ಉತ್ತರದ ಗೋಡೆಗೆ ಇದರ ಉಲ್ಟಾ. ಊರೆಲ್ಲ ಬಂದು ಶಿಲ್ಪದ ಮುಂದೆ ನಿಲ್ಲುವುದೇ ವರ್ಷದಲ್ಲಿ ಆ ಎರಡು ದಿನ ಅಲ್ವಾ? ಹಾಗಾಗಿ ಆಯ್ಕೆ ಇದ್ದರೆ ಪೂರ್ವದ ಗೋಡೆ ಹಿಡಿಯಿರಿ. ಬೆಳಿಗ್ಗೆ ಎಂಟೂವರೆಗೆ ಬಾವುಟ ಹಾರಿಸುವಾಗ ಬೆಳಕು ಇನ್ನೂ ಎದುರಿಂದ ಇರುತ್ತದೆ, ಶಿಲ್ಪ ಸಪ್ಪೆ ಕಾಣುತ್ತದೆ, ನಿಜ. ಆದರೆ ಭಾಷಣ ಮುಗಿದು ಮಕ್ಕಳಿಗೆ ಸಿಹಿ ಹಂಚುವ ಹೊತ್ತಿಗೆ, ಹತ್ತೂವರೆ ಹನ್ನೊಂದಕ್ಕೆ, ಬಿಸಿಲು ಮೇಲಿನಿಂದ ಓರೆಯಾಗಿ ಇಳಿಯಲು ಶುರುವಾಗುತ್ತದೆ. ಆಗ ಒಂದೊಂದೇ ಮುಖ ಗೋಡೆಯಿಂದ ಹೊರಗೆ ಬರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ, ಇನ್ನೂ ಸಾಕಾಗಿಲ್ಲ.

ಗೋಡೆ ಗೊತ್ತಾಯಿತು. ಇನ್ನು ಏನನ್ನು ಕೆತ್ತುವುದು? ಹೆಚ್ಚಿನವರು ಎಡವುವುದು ಇಲ್ಲೇ. ಊರಿನ ಸಭೆಯಲ್ಲಿ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಗಾಂಧೀಜಿ ಇರಲಿ, ನೆಹರೂ ಇರಲಿ, ಅಂಬೇಡ್ಕರ್ ಇರಲಿ, ಸುಭಾಷ್, ಭಗತ್ ಸಿಂಗ್, ಕಿತ್ತೂರು ಚೆನ್ನಮ್ಮ, ಕೆಂಪುಕೋಟೆ, ದಂಡಿ, ಸಿಂಹದ ಲಾಂಛನ. ಎಲ್ಲರೂ ಬೇಕಾದವರೇ. ಆದರೆ 20 ಅಡಿ ಗೋಡೆಯಲ್ಲಿ ಎಲ್ಲರನ್ನೂ ತುರುಕಿದರೆ ಅದು ಕ್ಯಾಲೆಂಡರ್ ಆಗುತ್ತದೆ. ಅಮೆರಿಕದ ರಶ್ಮೋರ್ ಬೆಟ್ಟದಲ್ಲಿ ನಾಲ್ಕು ಅಧ್ಯಕ್ಷರ ಮುಖ ಕೊರೆದಿದ್ದಾರಲ್ಲ, ಒಂದೊಂದು ತಲೆ 60 ಅಡಿ, 1927ರಿಂದ 1941ರವರೆಗೆ ನಡೆದ ಕೆಲಸ. ಕೈಚಳಕಕ್ಕೆ ಕೈ ಮುಗಿಯಬೇಕು. ಆದರೆ ನಾಲ್ಕು ದೊಡ್ಡವರ ತಲೆ ಬಿಟ್ಟರೆ ಅಲ್ಲಿ ಜನರೇ ಇಲ್ಲ. ಆ ಬೆಟ್ಟ ತಮ್ಮದು ಅಂತ ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನ ಇವತ್ತಿಗೂ ಹೇಳುತ್ತಿದ್ದಾರೆ, ಆ ಕೆತ್ತನೆಯಲ್ಲಿ ಅವರ ಗುರುತೂ ಇಲ್ಲ. ನಮ್ಮ ದಾರಿ ಅದಲ್ಲ.

ನಮ್ಮ ದಾರಿ ವೀರಗಲ್ಲು. ಸಾವಿರ ವರ್ಷದಿಂದ ಈ ನಾಡಿನಲ್ಲಿ ದನ ಕಾಯುತ್ತಾ ಸತ್ತವನಿಗೆ, ಊರು ಉಳಿಸಲು ಹೋದವನಿಗೆ ಕಲ್ಲು ನಿಲ್ಲಿಸಿದ್ದೇವೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲನ್ನು ನೆನಪಿಸಿಕೊಳ್ಳಿ, 949-50ರದ್ದು. ಅದು ಕಾಳಿ ಅನ್ನುವ ಬೇಟೆನಾಯಿಗೆ ಹಾಕಿಸಿದ್ದು, ಕಾಡುಹಂದಿ ಜೊತೆ ಸೆಣಸಿ ಸತ್ತ ನಾಯಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಕಲ್ಲಿನ ಶಾಸನದಲ್ಲಿ, ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಂಥ ದೊಡ್ಡ ಸಂಗತಿಯೂ ಇದೆ. ಆದರೆ ಕೆತ್ತನೆಗೆ ಆರಿಸಿಕೊಂಡಿದ್ದು ನಾಯಿ, ಹಂದಿ, ಎರಡೇ. ಸುತ್ತ ಅಕ್ಷರ. ದೂರದಿಂದ ನೋಡಿದರೂ ಏನು ನಡೆಯಿತು ಅಂತ ಓದು ಬಾರದವರಿಗೂ ತಿಳಿಯುತ್ತದೆ. ಉಬ್ಬುಶಿಲ್ಪ ಮಾಡಲು ಹೊರಟವರು ಒಂದು ಗಂಟೆ ಆ ಕಲ್ಲಿನ ಮುಂದೆ ಕೂತು ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಒಂದೇ ಒಂದು ಕ್ಷಣ ಆರಿಸಿ, ನಿಮ್ಮ ಸೀಮೆಯಲ್ಲಿ ನಡೆದದ್ದನ್ನೇ ಆರಿಸಿ. ಮಂಡ್ಯ ಜಿಲ್ಲೆಯವರಿಗೆ ಹುಡುಕಾಟವೇ ಬೇಡ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕ ಶಿವಪುರದಲ್ಲಿ, ಶಿಂಷಾ ಹೊಳೆ ಹತ್ತಿರ, ಬಾವುಟ ಹಾರಿಸಬಾರದು ಅಂತ ನಿಷೇಧ ಇದ್ದರೂ ಟಿ. ಸಿದ್ದಲಿಂಗಯ್ಯ ಅವರ ಅಧ್ಯಕ್ಷತೆಯಲ್ಲಿ ಸಾವಿರಾರು ಜನ ಸೇರಿ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಮೈಸೂರಿನವರಾದರೆ 1947ರ ಸೆಪ್ಟೆಂಬರ್ ಇದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ತಿಂಗಳಾದರೂ ಸಂಸ್ಥಾನದಲ್ಲಿ ಜನರ ಸರ್ಕಾರ ಬಂದಿರಲಿಲ್ಲ, ಅದಕ್ಕಾಗಿ ಮೈಸೂರು ಚಲೋ ನಡೆಯಿತು, ಗುಂಡೇಟಿಗೆ ರಾಮಸ್ವಾಮಿ ಅನ್ನುವ ವಿದ್ಯಾರ್ಥಿ ಬಲಿಯಾದ. ರಾಮಸ್ವಾಮಿ ಸರ್ಕಲ್ ಅಂತ ದಿನಾ ಬಸ್ಸಿನಲ್ಲಿ ಕೂಗುತ್ತೇವಲ್ಲ, ಅದು ಅವನ ಹೆಸರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂತು. ನಮ್ಮ ಪಾಲಿಗೆ ದೇಶ ಕಟ್ಟಿದ ಕಥೆ ಕೆಂಪುಕೋಟೆಯಲ್ಲಿ ಮುಗಿದಿಲ್ಲ, ಮೈಸೂರಿನ ಸುಬ್ಬರಾಯನಕೆರೆ ಮೈದಾನದಲ್ಲೂ ನಡೆದಿದೆ. ಆ ಒಂದು ದೃಶ್ಯವನ್ನು ಗೋಡೆಯ ನಡುವೆ ದೊಡ್ಡದಾಗಿ ಇಡಿ. ಎಡಕ್ಕೆ ಜನ ನಡೆದು ಬರುವುದು, ಬಲಕ್ಕೆ ಆಮೇಲೆ ಆದದ್ದು. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ, ಶಿಲ್ಪವೂ ಹಾಗೇ ಹೋಗಲಿ.

ಕ್ಷಣ ಆರಿಸಿದ ಮೇಲೆ ಒಂದು ತಿಂಗಳು ಉಳಿ, ಕರಣೆ ಯಾವುದನ್ನೂ ಮುಟ್ಟಬೇಡಿ. ವಿಚಾರಿಸಿ. ಆ ದಿನ ಅಲ್ಲಿದ್ದವರು ಈಗ ಇಲ್ಲ, ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಮನೆಯ ಟ್ರಂಕಿನಲ್ಲಿ ಹಳೇ ಫೋಟೊ ಇರುತ್ತದೆ. ರುಮಾಲು ಹೇಗೆ ಸುತ್ತುತ್ತಿದ್ದರು, ಹೆಂಗಸರು ಸೀರೆ ಹೇಗೆ ಉಡುತ್ತಿದ್ದರು, ಗಾಡಿಗೆ ಕಮಾನು ಇತ್ತಾ ಇಲ್ವಾ, ಹೆಗಲ ಮೇಲಿದ್ದದ್ದು ಕಂಬಳಿಯಾ ಟವೆಲ್ಲಾ. ಇವನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ.

ನಾನು ತಪ್ಪು ಮಾಡಿ ಕಲಿತ ಒಂದು ವಿಷಯ ಹೇಳಿಬಿಡುತ್ತೇನೆ. ಮೊದಲ ಸಲ ಶಿವಪುರದ ದೃಶ್ಯ ಮಾಡುವಾಗ ಬಾವುಟದ ನಡುವೆ ಅಶೋಕ ಚಕ್ರ ಹಾಕಿದ್ದೆ. 24 ಕಡ್ಡಿ ಎಣಿಸಿ, ಕೈವಾರ ಇಟ್ಟು, ಎರಡು ದಿನ ಕೂತು ಮಾಡಿದ ಚಕ್ರ. ನೋಡಲು ಬಂದ ಒಬ್ಬ ಹೈಸ್ಕೂಲ್ ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಇದು 38ನೇ ಇಸವಿ ಅಲ್ವಾ? ಆಗ ಚರಕ ಇತ್ತು." ಹೌದು. 1931ರಲ್ಲಿ ಒಪ್ಪಿದ ಕಾಂಗ್ರೆಸ್ ಬಾವುಟದ ನಡುವೆ ಇದ್ದದ್ದು ಚರಕ. ಚಕ್ರ ಬಂದದ್ದು 1947ರ ಜುಲೈ 22ರಂದು ರಾಷ್ಟ್ರಧ್ವಜ ಒಪ್ಪಿಕೊಂಡಾಗ. ಇನ್ನೂ ಮಣ್ಣಿನಲ್ಲಿತ್ತು, ಹಾಗಾಗಿ ಸರಿ ಮಾಡಿದೆ. ಸಿಮೆಂಟಿಗೆ ಹೋಗಿದ್ದರೆ ಆ ತಪ್ಪು ನನ್ನ ಕಾಲದ ನಂತರವೂ ಮಕ್ಕಳಿಗೆ ಪಾಠ ಹೇಳುತ್ತಾ ಇರುತ್ತಿತ್ತು. ಹಾಗೇ ಗಾಂಧೀಜಿಯನ್ನು ಶಿವಪುರದಲ್ಲಿ ನಿಲ್ಲಿಸಬೇಡಿ, ಆ ದಿನ ಅವರು ಅಲ್ಲಿರಲಿಲ್ಲ. ಸಾರನಾಥದ ಸಿಂಹ ಲಾಂಛನವನ್ನೂ ಬೇಕಾಬಿಟ್ಟಿ ಹಾಕುವ ಹಾಗಿಲ್ಲ. 2005ರ ಕಾಯ್ದೆ ಇದೆ, ಅನುಮತಿ ಇಲ್ಲದೆ ಬಳಸಿದರೆ ತೊಂದರೆ. ಪಂಚಾಯ್ತಿಯ ನಿರ್ಣಯ, ಶಾಲೆಯ ಒಪ್ಪಿಗೆ ಎರಡನ್ನೂ ಬರಹದಲ್ಲಿ ಪಡೆದುಕೊಂಡೇ ಮುಂದಕ್ಕೆ ಹೋಗಿ.

ಈಗ ನಕ್ಷೆ. 20 ಅಡಿ ಉದ್ದ, 8 ಅಡಿ ಎತ್ತರದ ಶಿಲ್ಪ ಅಂತ ಇಟ್ಟುಕೊಳ್ಳೋಣ. ಮೊದಲು 2 ಅಡಿಗೆ 10 ಇಂಚಿನಷ್ಟು ಸಣ್ಣ ಹಾಳೆಯಲ್ಲಿ ಬರೆಯಿರಿ. ಅದರ ಮೇಲೆ ಚೌಕ ಎಳೆಯಿರಿ. ಆಮೇಲೆ ಬ್ರೌನ್ ಪೇಪರ್ ಅಂಟಿಸಿ ಪೂರ್ತಿ ಅಳತೆಗೆ ಅದೇ ಚೌಕಗಳನ್ನು ಎಳೆದು, ಒಂದೊಂದು ಚೌಕದಲ್ಲಿ ಇದ್ದದ್ದನ್ನು ದೊಡ್ಡದು ಮಾಡಿ. ರಶ್ಮೋರ್‌ನಲ್ಲೂ ಮೂಲದಲ್ಲಿ ಇದೇ ತತ್ವ. ಮಾದರಿಯ ಒಂದು ಇಂಚು ಬೆಟ್ಟದಲ್ಲಿ ಒಂದು ಅಡಿ, ತೂಗುಗುಂಡು ಇಳಿಬಿಟ್ಟು ಅಳೆದು ಗುರುತು ಮಾಡುತ್ತಿದ್ದರು. ಇದ್ದಿಲಲ್ಲಿ ಬರೆದ ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿ 30 ಅಡಿ ದೂರ ಹೋಗಿ ನಿಂತು ನೋಡಿ. ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಅಷ್ಟೇ. ಅಲ್ಲಿಂದ ತಿಳಿಯದಿದ್ದರೆ ಕೆತ್ತಿದ ಮೇಲೂ ತಿಳಿಯುವುದಿಲ್ಲ. ಶಿಲ್ಪದ ಬುಡ ನೆಲದಿಂದ 3 ಅಡಿ ಮೇಲಿರಲಿ. ಮಳೆಯಲ್ಲಿ ಕೆಸರು ಸಿಡಿಯುವುದಿಲ್ಲ, ಸೈಕಲ್ ಒರಗಿಸುವುದಿಲ್ಲ.

ಆಳದ ಲೆಕ್ಕ ಮಾತ್ರ ನಿಧಾನವಾಗಿ ಓದಿ. ಒಟ್ಟು ಉಬ್ಬು 4 ಇಂಚು ಅಂತ ತೀರ್ಮಾನಿಸಿದರೆ ಅದನ್ನು ಮೂರು ಪದರ ಮಾಡಿ. ಮುಂದಿನವರಿಗೆ 4 ಇಂಚು, ಅವರ ಹಿಂದಿನವರಿಗೆ ಒಂದೂವರೆ ಇಂಚು, ದೂರದ ಜನ, ತೆಂಗಿನ ಮರ, ಹೊಳೆ ಇವಕ್ಕೆಲ್ಲ ಕಾಲು ಇಂಚು, ಬರೀ ಗೀರು ಎಳೆದ ಹಾಗೆ. ಎಲ್ಲವನ್ನೂ ಒಂದೇ ಎತ್ತರಕ್ಕೆ ಎಬ್ಬಿಸಿದರೆ ಗುಂಪು ಗುಂಪಾಗಿ ಕಾಣುವುದಿಲ್ಲ, ಬಿಸ್ಕತ್ತು ಜೋಡಿಸಿದ ಹಾಗೆ ಕಾಣುತ್ತದೆ. ಇನ್ನೊಂದು, ನೋಡುವವರು ಕೆಳಗೆ ನಿಂತಿರುತ್ತಾರೆ. 9, 10 ಅಡಿ ಎತ್ತರದಲ್ಲಿರುವ ಮುಖ ಗೋಡೆಗೆ ಸಮನಾಗಿದ್ದರೆ ಗದ್ದದ ಕೆಳಭಾಗ ಮಾತ್ರ ಕಾಣುತ್ತದೆ. ಮೇಲಿನ ತಲೆಗಳನ್ನು ಒಂದು ಚೂರು ಮುಂದಕ್ಕೆ ಬಾಗಿಸಿ, ಹುಬ್ಬಿನ ಕೆಳಗಿನ ಗುಳಿಯನ್ನು ನಿಜಕ್ಕಿಂತ ಜಾಸ್ತಿ ಆಳ ಮಾಡಿ. ಹತ್ತಿರದಿಂದ ಅತಿಯಾಯಿತು ಅನ್ನಿಸುತ್ತದೆ, ಕೆಳಗಿನಿಂದ ಸರಿಯಾಗುತ್ತದೆ.

ಯಾವುದರಲ್ಲಿ ಮಾಡುವುದು? ಕಲ್ಲು ಎಲ್ಲಕ್ಕಿಂತ ಮೇಲು, ದುಡ್ಡು ಮತ್ತು ಸಮಯ ಇದ್ದರೆ. ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆ ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಹೊರಗಿನ ಗೋಡೆಯ ಉಬ್ಬುಶಿಲ್ಪಕ್ಕೆ ಪಾಲಿಶ್ ಮಾಡಿದ ಕಪ್ಪು ಕಲ್ಲು ನನಗೆ ಹಿಡಿಸುವುದಿಲ್ಲ. ಕಪ್ಪಿನ ಮೇಲೆ ನೆರಳು ಕಾಣುವುದಿಲ್ಲ, ಹೊಳಪು ಕಣ್ಣಿಗೆ ಹೊಡೆಯುತ್ತದೆ. ಕಲ್ಲೇ ಬೇಕಾದರೆ ಬೂದು ಬಣ್ಣದ್ದು ತೆಗೆದುಕೊಂಡು ಚಾಣದ ಗುರುತು ಹಾಗೇ ಬಿಡಿ. ಫೈಬರ್ ಹಗುರ, ಬೇಗ ಆಗುತ್ತದೆ, ಆದರೆ ನಮ್ಮ ಬಿಸಿಲಿಗೆ ವರ್ಷ ಕಳೆದಂತೆ ಮಾಸುತ್ತದೆ, ತಟ್ಟಿದರೆ ಟೊಳ್ಳು ಶಬ್ದ. ಊರಿನ ಗೋಡೆಗೆ ನಾನು ಹೇಳುವುದು ಸಿಮೆಂಟು.

ಸಿಮೆಂಟಿನಲ್ಲೂ ಎರಡು ದಾರಿ. ಒಂದು, ಗೋಪುರದ ಬೊಂಬೆ ಮಾಡುವವರು ಮಾಡುವ ಹಾಗೆ ಗೋಡೆಯ ಮೇಲೆ ನೇರವಾಗಿ ಗಾರೆ ಕೆಲಸ. ಗೋಡೆ ಕೊತ್ತಿ ಒರಟು ಮಾಡಿ, ತುಕ್ಕು ಹಿಡಿಯದ ಮೊಳೆ ಹೊಡೆದು, ಜಾಲರಿ ಕಟ್ಟಿ, ಅರ್ಧರ್ಧ ಇಂಚು ಪದರ ಹಾಕುತ್ತಾ ಎಬ್ಬಿಸುವುದು. ಒಂದೇ ಸಲ ದಪ್ಪ ಮೆತ್ತಿದರೆ ಜಾರುತ್ತದೆ, ಬಿರುಕು ಬಿಡುತ್ತದೆ. ಕೈ ಪಳಗಿದ ಮೇಸ್ತ್ರಿ ಸಿಕ್ಕರೆ ಇದರಷ್ಟು ಜೀವಂತ ಕೆಲಸ ಇನ್ನೊಂದಿಲ್ಲ, ಖರ್ಚೂ ಕಡಿಮೆ. ಆದರೆ ತಪ್ಪಿದರೆ ತಿದ್ದುವುದು ಕಷ್ಟ. ಇನ್ನೊಂದು, ಮಣ್ಣಿನಲ್ಲಿ ಮಾಡಿ, ಅಚ್ಚು ತೆಗೆದು, ಎರಕ ಹಾಕಿ, ತಂದು ಕೂರಿಸುವುದು. ಮುಖಗಳು ಜಾಸ್ತಿ ಇದ್ದರೆ, ಊರಿನವರು ನೋಡಿ ಒಪ್ಪಬೇಕಾದರೆ, ಇದೇ ಸರಿ. ಮಣ್ಣಿನಲ್ಲಿರುವಾಗ ಯಾರು ಏನು ಹೇಳಿದರೂ ಬದಲಾಯಿಸಬಹುದು.

ಇಡೀ ಗೋಡೆಯನ್ನು ಒಟ್ಟಿಗೆ ಮಾಡಲು ಹೋಗಬೇಡಿ. ಸರಾಸರಿ 3 ಇಂಚು ದಪ್ಪ ಹಿಡಿದರೂ 160 ಚದರಡಿಗೆ ಹತ್ತಿರ ಹತ್ತಿರ 2 ಟನ್ ಹಸಿ ಮಣ್ಣು ಬೇಕು. 4 ಅಡಿಗೆ 4 ಅಡಿಯ ಹತ್ತು ತುಂಡು ಮಾಡಿ, ಒಂದಕ್ಕೆ ಸುಮಾರು 200 ಕೆಜಿ ಮಣ್ಣು. ತುಂಡಿನ ಗೆರೆ ಯಾರ ಮುಖದ ಮೇಲೂ, ಕೈಬೆರಳ ಮೇಲೂ ಹಾಯದಂತೆ ನಕ್ಷೆಯಲ್ಲೇ ನೋಡಿಕೊಳ್ಳಿ, ಬೇಕಾದರೆ ಗೆರೆಯನ್ನು ಬಾವುಟದ ಕಂಬದ ಪಕ್ಕ, ಗಾಡಿಯ ಅಂಚಿನಲ್ಲಿ ಸರಿಸಿ. ಅಕ್ಕಪಕ್ಕದ ತುಂಡುಗಳನ್ನು ಮಾತ್ರ ಜೋಡಿಸಿಟ್ಟುಕೊಂಡೇ ಮಾಡಬೇಕು, ಇಲ್ಲದಿದ್ದರೆ ಒಬ್ಬನ ತೋಳು ಆ ಕಡೆ ದಪ್ಪ, ಈ ಕಡೆ ಸಣ್ಣ ಆಗುತ್ತದೆ.

ಮಣ್ಣು ಕುಂಬಾರರ ಹತ್ತಿರ ಕೇಳಿ ತನ್ನಿ. ನೆನೆಸಿ, ಸೋಸಿ, ಕಲ್ಲು ಬೇರು ತೆಗೆದು, ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಬರುವ ತನಕ ತುಳಿಯಬೇಕು. ದಪ್ಪ ಹಲಗೆಯನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ ನಿಲ್ಲಿಸಿ. ಅದರ ತುಂಬ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ತಂತಿ ಸುತ್ತಿ, ದಪ್ಪ ಬರುವ ಕಡೆ ಎರಡು ಸಣ್ಣ ಮರದ ತುಂಡನ್ನು ಅಡ್ಡಡ್ಡ ಕಟ್ಟಿ ನೇತುಹಾಕಿ. ಮಣ್ಣು ಅದನ್ನು ಹಿಡಿದುಕೊಂಡು ನಿಲ್ಲುತ್ತದೆ. ರಾತ್ರಿ ಒದ್ದೆ ಗೋಣಿ ಹೊದಿಸಿ ಮೇಲೆ ಪ್ಲಾಸ್ಟಿಕ್ ಹಾಕಿ. ಏಪ್ರಿಲ್ ಬಿಸಿಲಲ್ಲಿ ಒಂದು ದಿನ ಮರೆತರೂ ಬಿರುಕು. ಕೆಲಸ ಮಾಡುವಾಗ ಒಂದೇ ಬಲ್ಬನ್ನು ಮೇಲೆ ಓರೆಯಾಗಿ ಕಟ್ಟಿಕೊಳ್ಳಿ, ನಿಮ್ಮ ಗೋಡೆಗೆ ಹನ್ನೊಂದು ಗಂಟೆಯ ಬಿಸಿಲು ಬರುವ ಕೋನದಲ್ಲಿ. ಟ್ಯೂಬ್‌ಲೈಟ್ ಕೆಳಗೆ ಮಾಡಿದ ಉಬ್ಬುಶಿಲ್ಪ ಬಿಸಿಲಿಗೆ ಹೋದ ಮೇಲೆ ಗುರುತೇ ಸಿಗುವುದಿಲ್ಲ.

ಮಣ್ಣು ಮುಗಿಯುವ ಹಂತಕ್ಕೆ ಬಂದಾಗ ಊರಿನವರನ್ನು ಕರೆಯಿರಿ. ಮುಖಂಡರನ್ನಷ್ಟೇ ಕರೆದರೆ ಸಾಲದು. ಒಂದು ಸಲ ಹೀಗೇ ಕರೆದಾಗ ಒಬ್ಬರು ಅಜ್ಜಿ ಬಂದರು. ಅವರ ತಂದೆ ಶಿವಪುರಕ್ಕೆ ನಡೆದು ಹೋಗಿದ್ದವರಂತೆ. ಮುಖಗಳನ್ನು ನೋಡಲೇ ಇಲ್ಲ, ಸೀದಾ ಕೆಳಗೆ ಬಗ್ಗಿ ಕಾಲು ನೋಡಿದರು. ನಾನು ಎಲ್ಲರಿಗೂ ಚೆನ್ನಾಗಿ ಚಪ್ಪಲಿ ಹಾಕಿಸಿದ್ದೆ. "ಏನ್ ಸ್ವಾಮಿ, ನಮ್ಮಪ್ಪ ಬರಿಗಾಲಲ್ಲಿ ಹೋಗಿ ಬಂದಿದ್ದು. ನೀವು ಎಕ್ಕಡ ಹಾಕ್ಬುಟ್ಟಿದ್ದೀರಲ್ಲ" ಅಂದರು. ಸಿಟ್ಟಿರಲಿಲ್ಲ, ಬೇಜಾರಿತ್ತು. ಅವತ್ತು ರಾತ್ರಿಯೇ ಕೂತು ಚಪ್ಪಲಿ ಎಲ್ಲ ಕೊಯ್ದು ತೆಗೆದೆ. ಮುಂದಿನ ಸಾಲಿನಲ್ಲಿ ಏಳು ಜನ, ಕಾಣುವ ಕಾಲು ಹನ್ನೊಂದು. ಒಂದೊಂದು ಬೆರಳೂ ಬೇರೆ ಥರ ಇರಬೇಕು, ಬರಿಗಾಲಲ್ಲಿ ನಡೆದವರ ಹೆಬ್ಬೆರಳು ಅಗಲವಾಗಿ ಪಕ್ಕದ ಬೆರಳಿನಿಂದ ದೂರ ಸರಿದಿರುತ್ತದೆ, ಹಿಮ್ಮಡಿ ಒಡೆದಿರುತ್ತದೆ. ನಮ್ಮೂರಿನ ಗದ್ದೆ ಬಯಲಿಗೆ ಹೋಗಿ, ಕೆಲಸ ಮಾಡುವವರ ಕಾಲು ನೋಡಿ ಬಂದು ಮಾಡಿದೆ, ನಾಲ್ಕು ದಿನ ಹಿಡಿಯಿತು. ಇವತ್ತು ಆ ಗೋಡೆಯಲ್ಲಿ ಮುಖಗಳಿಗಿಂತ ಚೆನ್ನಾಗಿರುವುದು ಆ ಕಾಲುಗಳೇ. ಫೋಟೊ ಸಿಗದವರ ಮುಖವನ್ನು ಊಹೆಯಿಂದ ಮಾಡುವ ಬದಲು ಹೀಗೆ ಕಾಲು, ಕೈ, ಬಾಗಿದ ಬೆನ್ನು, ಇವುಗಳ ಮೇಲೆ ಶ್ರಮ ಹಾಕಿ.

ಅಚ್ಚು ತೆಗೆಯುವುದು ಪಿಒಪಿಯಲ್ಲಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ. ಮೊದಲ ಪದರಕ್ಕೆ ಒಂದು ಚಿಟಿಕೆ ಬಟ್ಟೆಗೆ ಹಾಕುವ ನೀಲಿ ಕಲಸಿ ತೆಳ್ಳಗೆ ಎರಚಿ, ಅರ್ಧ ಇಂಚು ಬಂದರೆ ಸಾಕು. ಅದರ ಮೇಲೆ ಬಿಳಿ ಪಿಒಪಿಯನ್ನು ತೆಂಗಿನ ನಾರಿನ ಜೊತೆ ದಪ್ಪಗೆ ಹಾಕಿ, ಹಿಂದೆ ಮರದ ಪಟ್ಟಿ ಕಟ್ಟಿ. ಗಟ್ಟಿಯಾದ ಮೇಲೆ ಹಿಂದಿನಿಂದ ಮಣ್ಣು ಬಿಡಿಸಿ ತೆಗೆದು, ಅಚ್ಚು ತೊಳೆದು, ಸೋಪಿನ ನೀರು ಎರಡು ಮೂರು ಸಲ ಹಚ್ಚಿ, ಮೇಲೆ ತೆಳ್ಳಗೆ ಎಣ್ಣೆ ಸವರಿ. ನೀಲಿ ಯಾಕೆ ಅಂದರೆ, ಎರಕ ಆದ ಮೇಲೆ ಈ ಅಚ್ಚನ್ನು ಉಳಿಯಿಂದ ಒಡೆದು ತೆಗೆಯಬೇಕು. ಬಿಳಿ ಇರುವ ತನಕ ಧೈರ್ಯವಾಗಿ ಹೊಡೆಯಬಹುದು, ನೀಲಿ ಕಂಡಿತು ಅಂದರೆ ಒಳಗೆ ಮೂಗು ಹತ್ತಿರದಲ್ಲೇ ಇದೆ ಅಂತ ಅರ್ಥ.

ಎರಕಕ್ಕೆ ಒಂದು ಸಿಮೆಂಟಿಗೆ ಎರಡು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಪ್ಲಾಸ್ಟರಿಂಗ್‌ಗೆ ಬಳಸುವ ಸಣ್ಣ ಮರಳೇ ಬೇಕು, ಅದನ್ನೂ ಜರಡಿ ಹಿಡಿಯಿರಿ. ನೀರು ಕಡಿಮೆ. ನೀರು ಜಾಸ್ತಿಯಾದರೆ ಸುಲಭವಾಗಿ ಸುರಿಯಬಹುದು, ಆದರೆ ಒಣಗಿದ ಮೇಲೆ ಕೂದಲೆಳೆ ಬಿರುಕು ತಪ್ಪದು. ಮೊದಲ ಪದರವನ್ನು ಬ್ರಷ್‌ನಿಂದ ಅಚ್ಚಿನ ಮೂಲೆ ಮೂಲೆಗೂ ಒತ್ತಿ, ಗಾಳಿ ಗುಳ್ಳೆ ಕೂತರೆ ಕಣ್ಣಲ್ಲಿ ತೂತು ಬೀಳುತ್ತದೆ. ನಡುವೆ ಕಲಾಯಿ ಹಾಕಿದ ಜಾಲರಿ. ಕಂಬಿ, ಜಾಲರಿ ಏನಿದ್ದರೂ ಹೊರ ಮೈಯಿಂದ ಒಂದು ಇಂಚು ಒಳಗಿರಲಿ. ಒಳಗೆ ನೀರು ಹೋಗಿ ಕಂಬಿ ತುಕ್ಕು ಹಿಡಿದರೆ ಉಬ್ಬಿ ಸಿಮೆಂಟನ್ನೇ ಸೀಳುತ್ತದೆ. ಹಳೇ ಸಿಮೆಂಟ್ ಪ್ರತಿಮೆಗಳ ಬೆರಳು ಉದುರಿ ಕಂದು ಕಂಬಿ ಹೊರಗೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಆಮೇಲೆ ಕ್ಯೂರಿಂಗ್. ಕನಿಷ್ಠ ಹತ್ತು ದಿನ ಒದ್ದೆ ಗೋಣಿ ಹೊದಿಸಿ, ದಿನಕ್ಕೆ ಮೂರು ಸಲ ನೀರು. ಆಗಸ್ಟ್ 15ಕ್ಕೆ ಉದ್ಘಾಟನೆ ಅಂತ ಆಗಸ್ಟ್ 5ಕ್ಕೆ ಎರಕ ಹಾಕಿಸುವವರಿದ್ದಾರೆ, ದಯವಿಟ್ಟು ಅದು ಬೇಡ. ಜನವರಿಗೆ ಇಟ್ಟುಕೊಳ್ಳಿ.

ಒಂದೊಂದು ತುಂಡೂ ಒಂದೂವರೆ ಇಂಚು ದಪ್ಪಕ್ಕೇ 130 ಕೆಜಿ ತೂಗುತ್ತದೆ, ಉಬ್ಬು ಸೇರಿದರೆ ಇನ್ನೂ ಜಾಸ್ತಿ. ನಾಲ್ಕು ಹುಡುಗರು ಎತ್ತಿ ಹಿಡಿದುಕೊಳ್ಳುತ್ತಾರೆ ಅಂತ ಹೋಗಬೇಡಿ, ಚೈನ್ ಪುಲ್ಲಿ ಬಾಡಿಗೆಗೆ ತನ್ನಿ. ಹಿಂದಿನ ಗೋಡೆ ಈ ಭಾರ ತಡೆಯುತ್ತದಾ ಅಂತ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಹಳೇ ಕಾಂಪೌಂಡ್ ಗೋಡೆಗಳಿಗೆ ಎಷ್ಟೋ ಸಲ ಸರಿಯಾದ ಪಾಯವೇ ಇರುವುದಿಲ್ಲ. ಕೆಳಗೆ ಒಂದು ಕಾಂಕ್ರೀಟ್ ದಿಂಡು ಹಾಕಿ ಅದರ ಮೇಲೆ ಕೂರಿಸಿ, ಸ್ಟೀಲ್ ಬೋಲ್ಟಿನಿಂದ ಹಿಂದಕ್ಕೆ ಬಿಗಿಯಿರಿ. ತುಂಡುಗಳ ನಡುವೆ ಕಾಲು ಇಂಚು ಸಂದು ಬಿಡಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕು. ಮೇಲೆ ಮಳೆನೀರು ಇಳಿಯದಂತೆ ಒಂದು ಅಂಚು ಕಟ್ಟಲೇಬೇಕು, ಆದರೆ ಒಂದೂವರೆ ಅಡಿ ಸಜ್ಜಾ ಹಾಕಿಸಿಬಿಟ್ಟರೆ ಹನ್ನೊಂದು ಗಂಟೆ ಬಿಸಿಲಿಗೆ ಅದರದೇ ನೆರಳು ಎಲ್ಲರ ಮುಖದ ಮೇಲೆ ಬೀಳುತ್ತದೆ. ಉಬ್ಬಿಗಿಂತ ಒಂದೆರಡು ಇಂಚು ಮುಂದೆ ಬಂದರೆ ಸಾಕು. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ತೆಗೆದರೆ ನೀರು ಅಲ್ಲಿಂದಲೇ ಕೆಳಗೆ ತೊಟ್ಟಿಕ್ಕುತ್ತದೆ, ಗೋಡೆಗೆ ಅಂಟಿ ಇಳಿಯುವುದಿಲ್ಲ.

ಬರಹದ ಬಗ್ಗೆ ಎರಡು ಮಾತು. ಅಕ್ಷರ ಕೊರೆದದ್ದಾಗಿರಲಿ, ಅಂಟಿಸಿದ್ದು ಬೇಡ. 20 ಅಡಿ ದೂರದಿಂದ ಆರಾಮಾಗಿ ಓದಬೇಕಾದರೆ ಅಕ್ಷರ 2 ಇಂಚು ಇರಬೇಕು. ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ, 'ಸ್ವಾತಂತ್ರ್ಯ' ಅಂತ ಒಮ್ಮೆ ಬರೆದು ನೋಡಿದರೆ ಎಷ್ಟು ಜಾಗ ಬೇಕು ಅಂತ ಗೊತ್ತಾಗುತ್ತದೆ. ಹೆಸರುಗಳನ್ನು ಕೊರೆಯುವ ಮುಂಚೆ ಆಯಾ ಮನೆಯವರಿಗೆ ತೋರಿಸಿ ಸಹಿ ಪಡೆಯಿರಿ. ಒಂದು ಊರಿನಲ್ಲಿ ಹೋರಾಟಗಾರರ ಹೆಸರು 1 ಇಂಚು, ದುಡ್ಡು ಕೊಟ್ಟವರ ಹೆಸರು 3 ಇಂಚು ಮಾಡಿ ಅಂತ ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ, ಆ ಕೆಲಸ ಬಿಟ್ಟು ಬಂದೆ. ದಾನಿಗಳ ಹೆಸರು ಖಂಡಿತ ಇರಲಿ, ಪಕ್ಕದ ಕಂಬದಲ್ಲಿ ಬೇರೆ ಕಲ್ಲಿನಲ್ಲಿ ಹಾಕಿಸಿ.

ಬಣ್ಣ ಬಳಿಯಬೇಡಿ. ಸಿಮೆಂಟಿನ ಬೂದು ಬಣ್ಣವೇ ನೆರಳಿಗೆ ಒಳ್ಳೆಯದು. ಬೇಕಾದರೆ ನೀರು ಹೀರದಂತೆ ತಡೆಯುವ, ಹೊಳಪಿಲ್ಲದ, ಬಣ್ಣವಿಲ್ಲದ ದ್ರಾವಣ ಹಚ್ಚಿ. ಪ್ರತಿ ವರ್ಷ ಆಗಸ್ಟ್ ಬಂದ ಕೂಡಲೇ ಯಾರಾದರೂ ಅಭಿಮಾನದಿಂದಲೇ ಚಿನ್ನದ ಬಣ್ಣ, ಬೆಳ್ಳಿ ಬಣ್ಣ ತರುತ್ತಾರೆ. ಐದು ವರ್ಷ ಐದು ಕೋಟಿಂಗ್ ಬಿದ್ದರೆ ಕಣ್ಣು, ತುಟಿ, ಚರಕದ ಕಡ್ಡಿ ಎಲ್ಲ ಮುಚ್ಚಿ ಹೋಗುತ್ತವೆ. ಅದರ ಬದಲು ಮಳೆಗಾಲ ಮುಗಿದ ಮೇಲೆ ಒಮ್ಮೆ ಮೆತ್ತನೆ ಬ್ರಷ್, ಬರೀ ನೀರು. ಆ್ಯಸಿಡ್ ಬೇಡ, ತಂತಿ ಬ್ರಷ್ ಬೇಡ. ಪಾಚಿ ಕಟ್ಟಿದ್ದರೆ ನೆನೆಸಿ ಬಿದಿರಿನ ಕಡ್ಡಿಯಿಂದ ಬಿಡಿಸಿ.

ಕೊನೆಗೆ ಶಾಲೆಯ ಬೀರುವಿನಲ್ಲಿ ಒಂದು ಡಬ್ಬ ಇಡಿಸಿ. ಅದರಲ್ಲಿ ಸಣ್ಣ ನಕ್ಷೆಯ ಒಂದು ಪ್ರತಿ, ಯಾವ ಸಿಮೆಂಟು, ಎಷ್ಟಕ್ಕೆ ಎಷ್ಟು ಮರಳು ಅಂತ ಬರೆದ ಚೀಟಿ, ಮತ್ತೆ ಅದೇ ಲೋಡಿನ ಜರಡಿ ಹಿಡಿದ ಎಂ-ಸ್ಯಾಂಡ್ ಒಂದು ಐದು ಕೆಜಿ. ಮಕ್ಕಳು ಓಡಾಡುವ ಜಾಗ, ಚೆಂಡು ಬಡಿಯುತ್ತದೆ, ಮೊದಲು ಮುರಿಯುವುದು ಕೆಳಗಿನ ಸಾಲಿನ ಕಾಲ್ಬೆರಳು. ಬೇರೆ ಮರಳಿನಲ್ಲಿ ಮಾಡಿದ ಬೆರಳು ಬೇರೆ ಬಣ್ಣ ಕಾಣುತ್ತದೆ, ಈ ಮರಳಿದ್ದರೆ ಊರಿನ ಗಾರೆ ಮೇಸ್ತ್ರಿಯೇ ಅರ್ಧ ದಿನದಲ್ಲಿ ಸರಿ ಮಾಡಿಬಿಡುತ್ತಾರೆ.